ಮೊದಲು ಜಾನಪದ ಲೋಕ, ಆಮೇಲೆ ಅಜ್ಜಿ ಮನೆ

ಹಾಸನದಲ್ಲಿ ಇದ್ದುಕೊಂಡು ಮಕ್ಕಳಿಗೆ ಇತಿಹಾಸ ತೋರಿಸೋದು ಕಷ್ಟವೇನಲ್ಲ. ನೆಂಟರು ಬಂದಾಗಲೆಲ್ಲ ಬೇಲೂರು, ಹಳೇಬೀಡು ಇದ್ದೇ ಇದೆ. ಬೇಲೂರಿನ ದೇವಸ್ಥಾನ ಶುರುವಾಗಿದ್ದು 1117ರಲ್ಲಿ ಅಂತ ನನ್ನ ಮಗಳು ನಿದ್ದೆಯಲ್ಲೂ ಹೇಳ್ತಾಳೆ. ಅದೇ, ಅವಳ ಮುತ್ತಜ್ಜಿ ಬೆಳಗಾಗೆದ್ದು ಏನು ಕೆಲಸ ಮಾಡ್ತಿದ್ದರು ಅಂತ ಕೇಳಿ, ಮುಖ ಮುಖ ನೋಡ್ತಾಳೆ.

ಅದಕ್ಕೇ ದಸರಾ ರಜೆಯಲ್ಲಿ ಅತ್ತೆಯನ್ನೂ ಕರೆದುಕೊಂಡು ರಾಮನಗರದ ಜಾನಪದ ಲೋಕ ಅನ್ನೋ ಮ್ಯೂಸಿಯಮ್ಮಿಗೆ ಹೊರಟೆವು. ಚನ್ನರಾಯಪಟ್ಟಣ, ನಾಗಮಂಗಲ, ಮದ್ದೂರು ದಾರಿ. ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಇದು ಇರೋದು ಹಳೇ ಬೆಂಗಳೂರು-ಮೈಸೂರು ರಸ್ತೆಯಲ್ಲಿ. ಕಟ್ಟಿದವರು ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದವರು. ಹಳ್ಳಿಗಳ ಹಾಡು, ಕಥೆ, ಸಾಮಾನು ಎಲ್ಲ ಕಲೆಹಾಕಿ 1994ರಲ್ಲಿ 15 ಎಕರೆ ಜಾಗದಲ್ಲಿ ಇದನ್ನು ನಿಲ್ಲಿಸಿದರು. ಅವರದು ನಾಗಮಂಗಲ ತಾಲ್ಲೂಕು ಅಂತ ಗೊತ್ತಾದ ಮೇಲೆ ಅತ್ತೆಗೆ ಅದು ನೆಂಟರ ಮನೆಯೇ ಆಗಿಹೋಯಿತು.

ಅಲ್ಲಿನ ಲೋಕಮಹಲ್ ಕಟ್ಟಡದ ಒಳಗೆ ಕಾಲಿಟ್ಟವರೇ ಅತ್ತೆ ನಕ್ಕರು. "ಇದಕ್ಕಾ ಟಿಕೆಟ್ ತಗೊಂಡಿದ್ದು? ನಮ್ಮ ಕೊಟ್ಟಿಗೇಲಿ ಬಿದ್ದಿದ್ಯಲ್ಲಮ್ಮ!" ಬೋರ್ಡು ಓದೋ ಕೆಲಸ ಅಲ್ಲಿಗೆ ಮುಗಿಯಿತು. ಕೂರಿಗೆ ಮುಂದೆ ನಿಂತು ಕೈಯಾಡಿಸಿ ತೋರಿಸಿದರು: ಗಂಡಸರು ಎತ್ತು ಹೊಡೀತಿದ್ದರು, ಹಿಂದೆ ಹೆಂಗಸರು ಬಟ್ಟಲಿಗೆ ರಾಗಿ ಬಿಡ್ತಾ ನಡೀತಿದ್ದರು, ಬಿದಿರಿನ ಕೊಳವೆಗಳಲ್ಲಿ ಇಳಿದು ಬೀಜ ಸಾಲಾಗಿ ಬೀಳುತ್ತಿತ್ತು. "ಒಂದೇ ಸಮ ಬಿಡಬೇಕು. ಇಲ್ದಿದ್ರೆ ಪೈರು ಬಂದ ಮೇಲೆ ಊರೆಲ್ಲ ನೋಡಿ ನಗ್ತಿತ್ತು." ಇದು ಯಾವ ಬೋರ್ಡಿನಲ್ಲಿ ಬರೆದಿರುತ್ತೆ ಹೇಳಿ?

ಚಿಕ್ಕವನು ಸೋಮನ ಕುಣಿತದ ಮುಖವಾಡದ ಹತ್ತಿರ ಅಂಟಿಕೊಂಡುಬಿಟ್ಟ. ಊರಹಬ್ಬದಲ್ಲಿ ಅದನ್ನು ಕಂಡರೆ ಅಪ್ಪನ ಹಿಂದೆ ಬಚ್ಚಿಟ್ಟುಕೊಳ್ಳೋನು. ಇಲ್ಲಿ ಅಲ್ಲಾಡದೆ ಕೂತಿದೆಯಲ್ಲ, ಧೈರ್ಯ ಬಂದಿತ್ತು. ನನಗೆ ಮಾತ್ರ ಕುಣಿಯೋ ಸೋಮನೇ ಸರಿ. ತೊಗಲುಗೊಂಬೆ ನೋಡೋ ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಚುರುಗುಟ್ಟುತ್ತಿತ್ತು, ಸುಮ್ನೆ ಹಾದುಬಂದೆವು.

ಇಂಥ ಕಡೆ ನನಗಿರೋ ತಕರಾರು ಒಂದೇ. ಜಾಸ್ತಿ ಸಾಮಾನು ನೋಡಬಹುದು, ಮುಟ್ಟೋ ಹಾಗಿಲ್ಲ. ಮಕ್ಕಳಿಗೆ ಕೈ ಹಾಕದೆ ಏನೂ ತಲೆಗೆ ಹೋಗೋದಿಲ್ಲ, ಅಲ್ವಾ? ಆದರೂ ಮೊದಲು ಮ್ಯೂಸಿಯಮ್ಮಿಗೇ ಹೋಗಬೇಕು ಅಂತೀನಿ. ಅಜ್ಜಿ ಮನೆ ಕೊಟ್ಟಿಗೆಯ ರಾಗಿ ಬೀಸೋ ಕಲ್ಲನ್ನು ಈ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ, ಅದರ ಮೇಲೆ ಕೂತು ಚಪ್ಪಲಿ ಹಾಕಿಕೊಂಡಿದ್ದಾರೆ. ಏನದು ಅಂತ ಕೇಳಿರಲಿಲ್ಲ. ಟಿಕೆಟ್ ಕೊಟ್ಟು ನೋಡಿದ ಮೇಲೆ ಅದಕ್ಕೂ ಒಂದು ಬೆಲೆ ಬಂತು.

ಅಜ್ಜಿ ಊರಿಗೆ ವಾಪಸ್ ಬಂದ ಮಾರನೇ ದಿನವೇ ಕಲ್ಲು ತೊಳೆದಿದ್ದಾಯಿತು. ಗೂಟ ಸಡಿಲವಾಗಿತ್ತು. ಅತ್ತೆ ಹಳೇ ಸೀರೆಯ ಚೂರು ಸುತ್ತಿ, ಕಲ್ಲಿನಿಂದ ಗುದ್ದಿ ಕೂರಿಸಿದರು. ಕೆಳಗೆ ಗೋಣಿಚೀಲ ಹಾಸಿ, ಅತ್ತೆ, ಮಗಳು ಎದುರುಬದುರು ಕೂತು, ಇಬ್ಬರೂ ಒಂದೇ ಗೂಟ ಹಿಡಿದರು. ಮಗಳು ಒಮ್ಮೆಗೇ ಬೊಗಸೆ ತುಂಬ ರಾಗಿ ಸುರಿದಳು, ಕಾಳು ಹಾಗೇ ಇಡಿಯಾಗಿ ಆಚೆ ಬಂತು. "ಸ್ವಲ್ಪ ಸ್ವಲ್ಪ ಹಾಕವ್ವ, ಅದಕ್ಕೂ ಅಗಿಯೋಕೆ ಟೈಮ್ ಬೇಕು." ಮುಕ್ಕಾಲು ಗಂಟೆ ಬೀಸಿದರೂ ಒಂದು ಪಾವು ಹಿಟ್ಟಾಗಲಿಲ್ಲ. ಮಗಳ ಅಂಗೈ ಕೆಂಪಗಾಯಿತು. "ದಿನಾ ಮನೆಮಂದಿಗೆಲ್ಲ ಇಷ್ಟು ಬೀಸ್ತಿದ್ರಾ?" ಅಂದಳು. "ಇಷ್ಟಲ್ಲ, ಮೊರದ ತುಂಬ. ಕೋಳಿ ಕೂಗೋಕೆ ಮುಂಚೆ" ಅಂದರು ಅತ್ತೆ.

ಹಿಟ್ಟು ತರಿತರಿ. ಮುದ್ದೆ ಕೂಡಲ್ಲ ಅಂತ ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ರೊಟ್ಟಿ ತಟ್ಟಿದೆವು. ಕಲ್ಲು ಸವೆದು ನುಣ್ಣಗಾಗಿದೆ, ಉಳಿಯಲ್ಲಿ ಕಚ್ಚು ಹೊಡೆಸಬೇಕು ಅಂತಾರೆ ಅತ್ತೆ. ಮೊದಲೆಲ್ಲ ಬೀದಿಯಲ್ಲಿ ಕೂಗಿಕೊಂಡು ಬರೋರಂತೆ. ಚನ್ನರಾಯಪಟ್ಟಣದ ಸುತ್ತಮುತ್ತ ಈ ಕೆಲಸ ಮಾಡೋರು ಯಾರಾದರೂ ಇದ್ದರೆ ತಿಳಿಸಿ, ಸಂಕ್ರಾಂತಿಗೆ ಮುಂಚೆ ಆಗಬೇಕಂತೆ.