ಗೆದ್ದ ಮಾರನೇ ದಿನ ವಿಲನ್ ಏನು ಮಾಡ್ತಾನೆ?

ಕಳೆದ ರಜೆಯಲ್ಲಿ ಅಣ್ಣನ ಮಗಳು ಎರಡು ದಿನ ನನ್ನ ಜೊತೆ ಇದ್ದಳು. ಅವಳಿಗೆ 11 ವರ್ಷ. ಫ್ಯಾಂಟಸಿ ಸಿನಿಮಾ ಅಂದರೆ ಇಬ್ಬರಿಗೂ ಪ್ರಾಣ. ಒಂದು ದಿನ ಬೆಳಗಿನಿಂದ ಬಿಡದೆ ಮಳೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಊಟ ಆದಮೇಲೆ ಇನ್ನೊಂದು ಅಂತ ಲೆಕ್ಕ ಹಾಕಿ ಕೂತೆವು.

ಬೆಳಗಿನ ಸಿನಿಮಾದ ಹೆಸರು ಬೇಡ. ಅದರಲ್ಲೊಬ್ಬ ಕತ್ತಲ ರಾಜ. ಸಾವಿರ ವರ್ಷ ಮಲಗಿದ್ದವನು ಎದ್ದು ಬರುತ್ತಾನೆ. ಮೈತುಂಬ ಕಪ್ಪು ಕವಚ, ಗುಡುಗಿನಂಥ ದನಿ, ಬೆನ್ನ ಹಿಂದೆ ದೊಡ್ಡ ಸೈನ್ಯ. ಜಗತ್ತನ್ನೆಲ್ಲ ಕತ್ತಲಲ್ಲಿ ಮುಳುಗಿಸುತ್ತೇನೆ ಅಂತ ಕೂಗುತ್ತಾನೆ. ಅರ್ಧ ಸಿನಿಮಾ ಆಗುವಷ್ಟರಲ್ಲಿ ಹುಡುಗಿ ಸುಮ್ನೆ ದಿಂಬಿನ ದಾರ ಕೀಳುತ್ತಾ ಕೂತಿದ್ದಳು. ಆಮೇಲೆ ಕೇಳಿದಳು: "ಅತ್ತೆ, ಎಲ್ಲಾ ಕಡೆ ಕತ್ತಲು ಮಾಡಿದ ಮೇಲೆ ಮಾರನೇ ದಿನ ಇವನು ಏನು ಮಾಡ್ತಾನೆ?"

ಅದಕ್ಕೆ ಸಿನಿಮಾದಲ್ಲಿ ಉತ್ತರವೇ ಇರಲಿಲ್ಲ. ಅವನಿಗೆ ನಿಜವಾಗಿ ಬೇಕಾದ್ದು ಅಂತ ಏನೂ ಇಲ್ಲ. ನಾಯಕ ಹೊಡೆದಾಡಲು ಒಬ್ಬ ಬೇಕಲ್ಲ, ಅಷ್ಟಕ್ಕೇ ಇದ್ದಾನೆ. ಕೊನೆಗೆ ಕತ್ತಿಯಿಂದ ಬೆಳಕು ಚಿಮ್ಮಿತು, ಅವನು ಬೂದಿಯಾದ. ನಮ್ಮಿಬ್ಬರಿಗೂ ಏನೂ ಅನಿಸಲಿಲ್ಲ.

ಕತ್ತಲ ರಾಜರೆಲ್ಲ ಹೀಗೇ ಅಂತಲ್ಲ. 2001ರ 'ಲಾರ್ಡ್ ಆಫ್ ದಿ ರಿಂಗ್ಸ್' ಮೊದಲ ಭಾಗದಲ್ಲಿ ಸೌರಾನ್ ಶುರುವಿನಲ್ಲಿ ಒಮ್ಮೆ ಎದುರು ಬಂದರೆ, ಆಮೇಲೆ ಹೆಚ್ಚಾಗಿ ಬೆಂಕಿಯ ಕಣ್ಣು ಮಾತ್ರ. ಆದರೂ ಹೆದರಿಕೆ ಆಗುತ್ತದೆ. ಯಾಕೆಂದರೆ ಅವನು ಮಾಡಿದ ಮಾಯದ ಉಂಗುರ ನಾಯಕನ ಜೊತೆಗಾರ ಬೊರೊಮಿರ್‌ನಂಥ ಒಳ್ಳೆಯವನ ಮುಖವನ್ನೇ ಬದಲಿಸುತ್ತದೆ. ತನ್ನ ಜನರನ್ನು ಉಳಿಸಬೇಕು ಅನ್ನೋ ಆಸೆಯಿಂದಲೇ ಅವನು ಉಂಗುರ ಹೊತ್ತ ಗೆಳೆಯನ ಮೇಲೆ ಬೀಳುತ್ತಾನೆ.

ಮಧ್ಯಾಹ್ನ 2007ರ ಹ್ಯಾರಿ ಪಾಟರ್ ಹಾಕಿದೆ. ಅದರಲ್ಲಿ ದೊಡ್ಡ ವಿಲನ್ ವೋಲ್ಡೆಮಾರ್ಟ್ ಇದ್ದಾನೆ, ಮೂಗಿಲ್ಲದ ಮುಖ, ಕೊಲ್ಲುವ ಮಂತ್ರ. ಹುಡುಗಿ ಅವನನ್ನು ಆರಾಮಾಗಿ ನೋಡಿದಳು. ಹ್ಯಾರಿಯ ಮಂತ್ರವಿದ್ಯೆಯ ಶಾಲೆಗೆ ಪಾಠ ಮಾಡಲು ಅಂಬ್ರಿಜ್ ಮೇಡಂ ಬಂದಾಗ ಮಾತ್ರ ಮೈ ಬಿಗಿಯಾಯಿತು. ಗುಲಾಬಿ ಬಟ್ಟೆ, ಗೋಡೆ ತುಂಬ ಬೆಕ್ಕಿನ ಮರಿಗಳ ಚಿತ್ರದ ತಟ್ಟೆ, ಮಾತಿನ ನಡುವೆ ಸಣ್ಣ ಕೆಮ್ಮು. ಇಮೆಲ್ಡಾ ಸ್ಟಾಂಟನ್ ಆ ಪಾತ್ರದಲ್ಲಿ ದನಿ ಎತ್ತಿ ಹೆದರಿಸುವುದು ಕಡಿಮೆ. ಹ್ಯಾರಿಗೆ ಬರೆಯಲು ಒಂದು ಗರಿಯ ಪೆನ್ನು ಕೊಟ್ಟು, ನಾನು ಸುಳ್ಳು ಹೇಳಬಾರದು ಅಂತ ಬರೆ ಅನ್ನುತ್ತಾಳೆ. ಶಾಯಿ ಕೊಡುವುದಿಲ್ಲ. ಅವನು ಬರೆದ ಸಾಲು ಅವನ ಕೈಯ ಮೇಲೇ ಗಾಯವಾಗಿ ಮೂಡುತ್ತದೆ. ಹುಡುಗಿ ತನ್ನ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

"ಇವಳು ಯಾಕೆ ನಗ್ತಾಳೆ ಅತ್ತೆ?"

ನನಗೂ ಆ ನಗು ಗೊತ್ತು. ಆರನೇ ಕ್ಲಾಸಿನಲ್ಲಿ ಪಕ್ಕದ ಹುಡುಗಿಯ ಪೆನ್ನು ಕಳೆದಿತ್ತು. ಟೀಚರ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, ತುಂಬಾ ಮೆತ್ತಗೆ, "ತೆಗೆದಿದ್ರೆ ಹೇಳ್ಬಿಡು ಪುಟ್ಟಾ, ನಿನ್ನ ಒಳ್ಳೇದಕ್ಕೇ ಕೇಳ್ತಿರೋದು" ಅಂದರು. ಮತ್ತೆ ಮತ್ತೆ ಕೇಳಿದರು. ಕೊನೆಗೆ, ತೆಗೆಯದಿದ್ದರೂ, ತೆಗೆದೆ ಅಂದುಬಿಟ್ಟೆ. ಮಾರನೇ ದಿನ ಪೆನ್ನು ಆ ಹುಡುಗಿಯ ಚೀಲದಲ್ಲೇ ಸಿಕ್ಕಿತು. ಟೀಚರ್ ಬಂದರು, ಪಾಠ ಮಾಡಿದರು, ಹೋದರು. ಅವರ ಮಟ್ಟಿಗೆ ಏನೂ ಆಗಿರಲಿಲ್ಲ.

ಇದನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವಳು ಗೆದ್ರೆ ಮಾರನೇ ದಿನ ಇನ್ನೊಂದು ರೂಲ್ಸ್ ಗೋಡೆಗೆ ಹೊಡೆಸ್ತಾಳೆ" ಅಂದಳು. ಹೌದಲ್ವಾ! ಅಂಬ್ರಿಜ್‌ಗೆ ಪ್ರಪಂಚ ನಾಶ ಆಗಬೇಕಿಲ್ಲ. ಎಲ್ಲ ಸಾಲಾಗಿ, ಸದ್ದಿಲ್ಲದೆ, ತಾನು ಹೇಳಿದಂತೆ ಇರಬೇಕು. ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂತ ಮನಸಾರೆ ನಂಬಿದ್ದಾಳೆ. ಅದಕ್ಕೇ ಅವಳ ಜೊತೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ವೋಲ್ಡೆಮಾರ್ಟ್‌ಗಿಂತ ಅವಳ ಮೇಲೆ ನನಗೆ ಜಾಸ್ತಿ ಸಿಟ್ಟು ಬರುವುದೂ ಇದಕ್ಕೇ.

ರಾತ್ರಿಗೆ ಜಪಾನಿನ ಆ್ಯನಿಮೇಷನ್ ನಿರ್ದೇಶಕ ಮಿಯಾಜಾಕಿಯ 1997ರ 'ಪ್ರಿನ್ಸೆಸ್ ಮೊನೊನೊಕೆ'. ಅದರಲ್ಲಿ ಕಬ್ಬಿಣದ ಊರಿನ ಒಡತಿ ಎಬೋಶಿ ಕಾಡು ಕಡಿದು ಕಬ್ಬಿಣ ತೆಗೆಯುತ್ತಾಳೆ, ಕಾಡಿನ ದೇವರ ತಲೆಗೇ ಗುಂಡು ಹೊಡೆಯುತ್ತಾಳೆ. ಆದರೆ ವೇಶ್ಯಾಗೃಹಗಳಿಂದ ಬಿಡಿಸಿ ತಂದ ಹೆಂಗಸರಿಗೆ ಕೆಲಸ ಕೊಟ್ಟವಳೂ ಅವಳೇ. ಯಾರೂ ಮುಟ್ಟದ ಕುಷ್ಠರೋಗಿಗಳ ಗಾಯ ತೊಳೆದು ಪಟ್ಟಿ ಕಟ್ಟಿದವಳೂ ಅವಳೇ. ಅವಳು ಗೆದ್ದ ಮಾರನೇ ದಿನ ಕುಲುಮೆ ಉರಿಯುತ್ತದೆ, ನೂರಾರು ಜನ ಉಣ್ಣುತ್ತಾರೆ. ಕಾಡು ಮಾತ್ರ ಇರುವುದಿಲ್ಲ. ಇಂಥವಳು ಸೋಲಲಿ ಅಂತ ಬೇಡಿಕೊಳ್ಳಲು ನನಗೆ ಬಾಯಿ ಬರಲಿಲ್ಲ.

ಸಿನಿಮಾ ಅವಳನ್ನು ಕೊಲ್ಲುವುದಿಲ್ಲ. ಒಂದು ತೋಳು ಹೋಗುತ್ತದೆ, ಊರು ಹಾಳಾಗುತ್ತದೆ. ಮೊದಲಿನಿಂದ ಶುರು ಮಾಡೋಣ, ಒಳ್ಳೆಯ ಊರು ಕಟ್ಟೋಣ ಅನ್ನುತ್ತಾಳೆ.

ದೀಪ ಆರಿಸಿದ ಮೇಲೆ ಹುಡುಗಿ ನಿದ್ದೆ ಮಾಡಿದಳು ಅಂದುಕೊಂಡಿದ್ದೆ. ಕತ್ತಲಲ್ಲೇ ಕೇಳಿದಳು: "ಅತ್ತೆ, ಒಂದೇ ಕೈಯಲ್ಲಿ ಹೇಗೆ ಕಟ್ತಾಳೆ?"