"ಆ ಮನೆ ಸ್ವಂತದ್ದಾ?" ಅಂತ ಕೇಳೋರಿಗೆಲ್ಲ

ಊರು ಕೆಜಿಎಫ್, ಅಪ್ಪ ಅಮ್ಮ ಇನ್ನೂ ಅಲ್ಲೇ ಲೈನ್ ಮನೇಲಿ (ಗಣಿ ಕಂಪನಿ ಕೆಲಸಗಾರರಿಗೆ ಕೊಟ್ಟಿದ್ದ ಸಾಲುಮನೆ) ಇದ್ದಾರೆ ಅಂದ್ರೆ ಸಾಕು, ಮೊದಲು ಒಂದು ಚಿನ್ನದ ಜೋಕು, ಆಮೇಲೆ "ಮನೆ ಸ್ವಂತದ್ದಾ?" ಜೋಕಿಗೆ ಹೆಂಗೋ ನಕ್ಕುಬಿಡ್ತೀನಿ. ಎರಡನೇದಕ್ಕೆ ಹೇಳಿ ಹೇಳಿ ಬಾಯಿ ನೋವು ಬಂದಿದೆ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ಅಕ್ಕನ್ನ ನೋಡೋಕೆ ಬಂದಾಗ ಹುಡುಗನ ಸೋದರಮಾವ ಕೂತಲ್ಲಿಂದಲೇ ಮೇಲೆ ಶೀಟ್ ನೋಡ್ದ, ಗೋಡೆ ನೋಡ್ದ, ಕಾಫಿ ಲೋಟ ಕೆಳಗಿಟ್ಟು "ಕಂಪನಿದಾ, ಸ್ವಂತದ್ದಾ?" ಅಂದ. ಅಪ್ಪ "ನಾವಿರೋ ಮನೆ ಸಾರ್" ಅಂದ್ರು, ಅಷ್ಟೇ. ಸಂಬಂಧ ಕುದುರಲಿಲ್ಲ ಬಿಡಿ, ಅಕ್ಕಂಗೂ ಹುಡುಗ ಹಿಡಿಸಿರಲಿಲ್ಲ.

ಪೇಪರ್ ಪ್ರಕಾರ ನಮ್ದಲ್ಲ. ಸಾಕಾ? ಮುತ್ತಾತ ಬಂದಾಗ ಬಿದಿರು ತಟ್ಟಿ ಮನೆ, ಗಣಿ ಜಾನ್ ಟೇಲರ್ ಕಂಪನಿ ಕೈಯಲ್ಲಿತ್ತು, 1956ರಲ್ಲಿ ಮೈಸೂರು ಸರ್ಕಾರಕ್ಕೆ ಹೋಯ್ತು, 1962ರಲ್ಲಿ ಕೇಂದ್ರಕ್ಕೆ, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ್ರು. ಓನರ್‌ಗಳು ಬಂದ್ರು ಹೋದ್ರು, ಒಳಗೆ ಒಲೆ ಹಚ್ತಿದ್ದೋರು ನಾವೇ. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದ ಊರು, ಬೆಂಗಳೂರಿಗಿಂತ ಮುಂಚೆ, ಅಂತ ಎಲ್ಲರೂ ಹೆಮ್ಮೆಯಿಂದ ಹೇಳ್ತಾರಲ್ಲ, ಅದು ಗಣಿಗೆ ಬಂದಿದ್ದು ಸ್ವಾಮಿ, ನಮ್ಮಜ್ಜಿ ಮದುವೆಯಾಗಿ ಬಂದಾಗಲೂ ಈ ಮನೇಲಿ ಬುಡ್ಡಿ ದೀಪಾನೇ.

ಯಾರ ಮನೆ ಅನ್ನೋದು ಬಿಟ್ಟು ಯಾರು ಕಟ್ಟಿದ್ದು ಅಂತ ಒಬ್ಬರಾದ್ರೂ ಕೇಳ್ಬಾರ್ದಾ? ಕಂಪನಿ ಕೊಟ್ಟಿದ್ದು ಒಂದು ರೂಮು. ಹಿಂದಿನ ಅಡುಗೆಮನೆ, ಬಚ್ಚಲು, ಮುಂದಿನ ಜಗುಲಿ ಎಲ್ಲಾ ಅಪ್ಪ ನೈಟ್ ಶಿಫ್ಟ್ ಮುಗಿಸಿ ಬಂದು ಎರಡು ಗಂಟೆ ಮಲಗಿ ಎದ್ದು ಕಟ್ಟಿದ್ದು, ಅಮ್ಮ ಮಣ್ಣು ಕಲಸಿ ಕೊಟ್ಟಿದ್ದು. ಕಿಟಕಿ ಮೂಲೇಲಿ ಒಂದು ಬಿರುಕು ಇದೆ, ಸಿಮೆಂಟ್ ಮೆತ್ತಿ ಮೆತ್ತಿ ಅಲ್ಲಿ ಗೋಡೆ ಉಬ್ಬಿಬಿಟ್ಟಿದೆ. ನಮ್ಮ ಕಡೆ ಗಣಿ 3 ಕಿಲೋಮೀಟರ್‌ಗೂ ಜಾಸ್ತಿ ಆಳ, ಕೆಳಗೆ ಬಂಡೆ ಸಿಡಿದ್ರೆ ಮೇಲೆ ಶೆಲ್ಫಲ್ಲಿರೋ ಪಾತ್ರೆ ಎಲ್ಲಾ ಗಡಗಡ ಅನ್ನೋದು. ಅಜ್ಜಿ ಬಿದ್ದ ಪಾತ್ರೆ ಕಡೆ ತಿರುಗೀನೂ ನೋಡ್ತಿರಲಿಲ್ಲವಂತೆ, ಈಗ ಯಾವ ಶಿಫ್ಟ್ ಒಳಗಿದೆ ಅಂತ ಲೆಕ್ಕ ಹಾಕೋರಂತೆ. ಗಾಳಿ ಕಾಲದಲ್ಲಿ ಸೈನೈಡ್ ದಿಬ್ಬದ, ಅಂದ್ರೆ ಚಿನ್ನ ತೆಗೆದು ಸುರಿದ ಗಣಿ ಪುಡಿಯ ಗುಡ್ಡದ, ಧೂಳು ಬೇರೆ, ಅನ್ನಕ್ಕೆ ತಟ್ಟೆ ಮುಚ್ಚಿಟ್ಟೇ ಊಟ.

ಮನೆ ಹೆಸರಿಗೆ ಮಾಡ್ಕೊಡ್ತಾರೆ ಅಂತ ಆಗಾಗ ಸುದ್ದಿ ಏಳುತ್ತೆ, ಆಗೆಲ್ಲ ಅಪ್ಪ ಹಳೇ ಪೇ ಸ್ಲಿಪ್ಪು, ಕರೆಂಟ್ ಬಿಲ್ಲು ತುಂಬಿರೋ ಟ್ರಂಕ್ ಎಳೆದು ಕೂರ್ತಾರೆ. ಅಷ್ಟೊಂದು ಕುತೂಹಲ ಇದ್ರೆ ನೀವೇ ಹೋಗಿ ಅವರನ್ನೇ ಕೇಳಿ. ಎಲ್ಲಾ ತೋರಿಸದೆ ಬಿಡೋರಲ್ಲ, ವಾಪಸ್ ಬರೋಕೆ ಮಾರಿಕುಪ್ಪಂನಿಂದ ಕೊನೇ ಟ್ರೈನ್ ಎಷ್ಟೊತ್ತಿಗೆ ಅಂತ ಮೊದಲೇ ನೋಡ್ಕೊಂಡು ಹೋಗಿ.