ನಲವತ್ತು ಪಿನ್ನಿನ ಮೋಸ

ನನ್ನ ಹಳೇ 486 ಕಂಪ್ಯೂಟರಿನಲ್ಲಿ ಸಿಡಿ ಡ್ರೈವ್ ಓಡಿಸೋಕೆ ಒದ್ದಾಡುತ್ತಿದ್ದೆ. ರಾತ್ರಿ ಒಂದೂವರೆಗೆ ಡಿ: (ಸಿಡಿ ಡ್ರೈವಿನ ಅಕ್ಷರ) ಅಂತ ಹೊಡೆದು, ಫೈಲ್ ತೋರಿಸೋ ಡಿಐಆರ್ ಆಜ್ಞೆ ಕೊಟ್ಟೆ. ಫೈಲುಗಳ ಪಟ್ಟಿ ಬಂತು! ಹನ್ನೊಂದು ದಿನದ ಮೇಲೆ. ನಾನು ಕೂಗಿದ್ದಕ್ಕೆ ಅವ್ವ ಎದ್ದು ಬಂದು "ಕರೆಂಟ್ ಹೊಡೀತೇನೋ?" ಅಂದಳು.

486 ಜೋಡಿಸಿದ್ದು, ಹಳೇ ಆಪರೇಟಿಂಗ್ ಸಿಸ್ಟಮ್ ಆದ ಡಾಸ್ 6.22 ಹಾಕಿದ್ದು ಆಗಲೇ ಮುಗಿದಿತ್ತು, ಬಿಡಿ. ತಲೆ ತಿಂದದ್ದು ಸಿಡಿ ಡ್ರೈವ್ ಒಂದೇ. ಸಿಆರ್-563, ಮ್ಯಾಟ್ಸುಶಿಟಾದ (ಪ್ಯಾನಾಸೋನಿಕ್ ಅದರದೇ ಬ್ರಾಂಡ್) ಮಾಲು, ಮೇಲೆ ಸೌಂಡ್ ಕಾರ್ಡ್ ಕಂಪನಿ ಕ್ರಿಯೇಟಿವ್ ಚೀಟಿ. ವೇಗ ಮೊದಲ ಸಿಡಿ ಡ್ರೈವುಗಳ ಎರಡು ಪಟ್ಟು, ಅಂದರೆ ಸೆಕೆಂಡಿಗೆ 300 ಕೆಬಿ. ದಾವಣಗೆರೆಯ ಒಂದು ಗುಜರಿ ಅಂಗಡಿಯಲ್ಲಿ 250 ರೂಪಾಯಿಗೆ ಸಿಕ್ಕಿತ್ತು.

"ಐಡಿಇನಾ ಅಣ್ಣಾ?" ಅಂತ ಕೇಳಿದ್ದೆ. ಐಡಿಇ ಅಂದರೆ ಹಾರ್ಡ್ ಡಿಸ್ಕು, ಸಿಡಿ ಡ್ರೈವುಗಳನ್ನು ಜೋಡಿಸೋ ಮಾಮೂಲಿ ನಲವತ್ತು ಪಿನ್ನಿನ ಸಾಲು.

"ನಲವತ್ತು ಪಿನ್ ಐತಲ್ಲ, ಇನ್ನೇನ್ ಬೇಕು ನಿಂಗೆ?"

ಎಣಿಸಿದೆ. ನಲವತ್ತೇ ಇದ್ದವು. ಅಲ್ಲೇ ಕೆಟ್ಟೆ.

ಮನೆಗೆ ತಂದು ಎರಡನೇ ಐಡಿಇ ಚಾನೆಲ್ಲಿಗೆ ಸಿಕ್ಕಿಸಿದೆ. ಆ ಚಾನೆಲ್ಲಿನ ಪೋರ್ಟ್ ವಿಳಾಸ 170, ಪ್ರೊಸೆಸರನ್ನು ಕರೆಯೋ ಗೆರೆ ಐಆರ್‌ಕ್ಯೂ 15, ಎಲ್ಲ ಸರಿ. ಡಾಸ್ ಶುರುವಾಗುವಾಗ ಓದೋ ಕಾನ್ಫಿಗ್.ಸಿಸ್ ಫೈಲಿನಲ್ಲಿ ಐಡಿಇ ಸಿಡಿ ಡ್ರೈವರ್ ಓಕ್‌ಸಿಡಿರಾಮ್.ಸಿಸ್ ಹಾಕಿದರೆ ಅದು ಯಾವ ಡ್ರೈವೂ ಇಲ್ಲ ಅಂತ ಕೈ ಎತ್ತಿತು. ಹಿಂದೆಯೇ ಸಿಡಿಗೆ ಡಿ: ಥರದ ಅಕ್ಷರ ಕೊಡೋ ಎಂಎಸ್‌ಸಿಡಿಇಎಕ್ಸ್ ಬಂದು, ಡ್ರೈವರ್ ಇಡಬೇಕಿದ್ದ ಹೆಸರು ಎಂಎಸ್‌ಸಿಡಿ001 ಸಿಗಲಿಲ್ಲ ಅಂತ ಗೊಣಗಿತು. ಕೇಬಲ್ ಬದಲಿಸಿದೆ. ಕೇಬಲ್ ಮಾರಿದವನನ್ನು ಬೈದೆ (ಹೊಸದು ಅಂತ ಕೊಟ್ಟದ್ದರ ಮೇಲೆ ಯಾರದೋ ಹೆಸರು ಬರೆದಿತ್ತು). ಬೇರೆ ಡ್ರೈವರ್ ಹಾಕಿದೆ, ಬಯೋಸ್‌ನ (ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಪುಟಗಳನ್ನೆಲ್ಲ ತಿರುವಿ ಹಾಕಿದೆ. ಆರು ದಿನ ಹೀಗೇ ಹೋಯ್ತು.

ಏಳನೇ ದಿನ ಜಂಪರ್ (ಪಿನ್ ಮೇಲೆ ಕೂರೋ ಪುಟ್ಟ ಟೋಪಿ) ಬದಲಿಸೋಣ ಅಂತ ಡ್ರೈವ್ ತಿರುಗಿಸಿದೆ. ಐಡಿಇ ಡ್ರೈವುಗಳಲ್ಲಿ ಇರೋ ಮಾಸ್ಟರ್, ಸ್ಲೇವ್ ಅನ್ನೋ ಬರಹವೇ ಇಲ್ಲ! ಇದ್ದದ್ದು ಡ್ರೈವಿನ ನಂಬರ್ ಆರಿಸೋ ಜಂಪರ್. ಸೊನ್ನೆಯಿಂದ ಮೂರರವರೆಗೆ ನಾಲ್ಕು ಡ್ರೈವ್ ಒಂದೇ ಸಾಲಿಗೆ ಹಾಕಬಹುದು ಅನ್ನೋ ಲೆಕ್ಕ. ಐಡಿಇ ಕೇಬಲ್ಲಿಗೆ ಹಿಡಿಸೋದು ಎರಡೇ ಅಲ್ವಾ? ಆಗ ತಲೆಗೆ ಹೋಯ್ತು. ಇದು ಐಡಿಇ ಅಲ್ಲವೇ ಅಲ್ಲ, ಪ್ಯಾನಾಸೋನಿಕ್‌ನ ಸ್ವಂತ ಇಂಟರ್‌ಫೇಸ್. ಪಿನ್ನಿನ ಲೆಕ್ಕ ಮಾತ್ರ ಒಂದೇ, ಒಳಗಿನ ಮಾತೇ ಬೇರೆ. ಆರು ದಿನ ತಪ್ಪು ಜಾಗಕ್ಕೆ ಸಿಕ್ಕಿಸಿದ್ದರೂ ಸುಟ್ಟು ಹೋಗಲಿಲ್ಲ, ಅದೇ ಪುಣ್ಯ.

ಇದಕ್ಕೆ ಬೇಕಾದ ಪಿನ್ ಸಾಲು ಕ್ರಿಯೇಟಿವ್‌ನ ಸೌಂಡ್ ಕಾರ್ಡ್ ಆದ ಸೌಂಡ್ ಬ್ಲಾಸ್ಟರ್ 16ರ ಮೇಲೆ ಇರುತ್ತೆ. ನನ್ನ ಕಾರ್ಡಿನಲ್ಲಿ ಅದು ಮೊದಲಿಂದಲೂ ಇತ್ತು, ಧೂಳು ಕುಡಿಯುತ್ತಾ. ನೀವು ಹಾಕುವಾಗ ನೋಡಿಕೊಳ್ಳಿ, ಕೆಲವು ಸೌಂಡ್ ಬ್ಲಾಸ್ಟರ್ 16 ಕಾರ್ಡುಗಳಲ್ಲಿ ಅದೇ ಥರ ಕಾಣೋ ಸಾಲು ನಿಜವಾದ ಐಡಿಇ ಆಗಿರುತ್ತೆ.

ಕೇಬಲ್ ಅಲ್ಲಿಗೆ ಹಾಕಿ, ಕಾನ್ಫಿಗ್.ಸಿಸ್‌ನಲ್ಲಿ ಈ ಡ್ರೈವಿನದೇ ಡ್ರೈವರ್ ಎಸ್‌ಬಿಪಿಸಿಡಿ.ಸಿಸ್ ಬರೆದೆ. ಮತ್ತೆ ಸೊನ್ನೆ. ಇದು ಪೂರಾ ನನ್ನದೇ ತಪ್ಪು. ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಹಳೇ ಆವೃತ್ತಿಯಲ್ಲಿ ಇದೇ ಡ್ರೈವಿಗೆ 0ಎಕ್ಸ್230 ಅಂತ ಕೊಡುತ್ತಿದ್ದದ್ದು ನೆನಪಿತ್ತು, ಇಲ್ಲೂ /ಪಿ:230 ಅಂತ ಬರೆದುಬಿಟ್ಟೆ. ಲಿನಕ್ಸ್ ಕೇಳೋದು ಸಿಡಿ ಪೋರ್ಟಿನ ವಿಳಾಸ. ಡಾಸ್ ಡ್ರೈವರ್ ಕೇಳೋದು ಕಾರ್ಡಿನ ವಿಳಾಸ, 220. ಅಲ್ಲಿಂದ ಹೆಕ್ಸ್ (ಹದಿನಾರರ ಎಣಿಕೆ) ಲೆಕ್ಕದಲ್ಲಿ 10 ಮುಂದೆ ಸಿಡಿ ಇದೆ ಅಂತ ಅದೇ ಲೆಕ್ಕ ಹಾಕಿಕೊಳ್ಳುತ್ತೆ. /ಪಿ:220 ಮಾಡಿದ ಕೂಡಲೇ ಡ್ರೈವಿನ ದೀಪ ಮಿಣಕ್ ಅಂತು. ಆ ಒಂದು ಅಂಕಿಗೆ ಮೂರು ರಾತ್ರಿ!

ಅಷ್ಟಾದರೂ ಅಂಗಡಿಯಲ್ಲಿ ಕೊಂಡ ಸಿಡಿ ಮಾತ್ರ ಓದುತ್ತಿತ್ತು, ನಾನು ಬರೆದದ್ದು ಓದುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಲೆನ್ಸ್ ಮೇಲೆ ಕಪ್ಪು ಮಸಿ. ಯಾವ ಮಂಡಕ್ಕಿ ಭಟ್ಟಿ ಪಕ್ಕದಲ್ಲಿ ಇಟ್ಟಿದ್ದರೋ ಏನೋ. ಹತ್ತಿಗೆ ಐಸೊಪ್ರೊಪೈಲ್ ಅದ್ದಿ ಮೆತ್ತಗೆ ಒರೆಸಿದೆ. ಈಗ ಸಿಡಿ-ಆರ್ ಓದುತ್ತೆ. ಸಿಡಿ-ಆರ್‌ಡಬ್ಲ್ಯೂ ಓದಲ್ಲ, ಓದೋದೂ ಇಲ್ಲ. ಆ ತಟ್ಟೆ ಬೆಳಕು ವಾಪಸ್ ಕೊಡೋದೇ ಕಮ್ಮಿ, ಇಷ್ಟು ಹಳೇ ಕಾಲದ ಡ್ರೈವಿಗೆ ಅದು ಸಾಲಲ್ಲ.

ಟ್ಯೂನಿಂಗ್ ಅರ್ಧ ಗಂಟೆಯ ಕೆಲಸ. ಓದಿದ್ದನ್ನು ಮೆಮೊರಿಯಲ್ಲಿ ಇಟ್ಟು (ಅದೇ ಕ್ಯಾಶ್) ವೇಗ ಹೆಚ್ಚಿಸೋ ಸ್ಮಾರ್ಟ್‌ಡ್ರೈವನ್ನು ಎಂಎಸ್‌ಸಿಡಿಇಎಕ್ಸ್ ಆದ ಮೇಲೆ ಹಾಕಿ. ಮೊದಲೇ ಹಾಕಿದರೆ ಸಿಡಿಗೆ ಕ್ಯಾಶ್ ಸಿಗಲ್ಲ. ಎಂಎಸ್‌ಸಿಡಿಇಎಕ್ಸ್‌ಗೆ /ಎಂ ಅಂತ ಕೊಡೋ ಬಫರ್ (ಸಿಡಿಯಿಂದ ಬಂದದ್ದು ಕೂರೋ ಜಾಗ) ಒಂದೊಂದೂ 2 ಕೆಬಿ ತಿನ್ನುತ್ತೆ, ನಾನು 10ಕ್ಕೆ ನಿಲ್ಲಿಸಿದೆ. ಅದಕ್ಕಿಂತ ಜಾಸ್ತಿ ಕೊಟ್ಟರೂ ನನಗೆ ವ್ಯತ್ಯಾಸ ಕಾಣಲಿಲ್ಲ. ಡಾಸ್‌ಗೆ ಸಿಗೋ 640 ಕೆಬಿ ಮೆಮೊರಿಯಲ್ಲಿ ಸುಮ್ನೆ ಯಾಕೆ ದಾನ ಮಾಡೋದು?

ಮುಂದಿನ ಕೆಲಸ ಅಡಿಕೆ ಮಂಡಿಯಿಂದ ತಂದಿರೋ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಅಕ್ಷರ ಹೊಡೆಯೋದು ಒಂಬತ್ತೇ ಪಿನ್, ಅದರಲ್ಲಿ ಒಂದು ಹೊಡೆಯಲ್ಲ. ರಿಬ್ಬನ್ ಒಣಗಿ ಹಪ್ಪಳ. ಸ್ಟಾಂಪ್ ಪ್ಯಾಡ್ ಇಂಕ್ ಹಾಕಿ ನೋಡಬೇಕು ಅಂತಿದ್ದೆ.

ಆದರೆ ನಿನ್ನೆ ಗುಜರಿ ಅಣ್ಣನ ಹತ್ತಿರ ಹೋಗಿ, ನೀ ಕೊಟ್ಟದ್ದು ಐಡಿಇ ಅಲ್ಲ ಅಂತ ಜಗಳ ತೆಗೆದೆ. ಅವನು ಬೆಂಚಿನ ಕೆಳಗಿಂದ ಇನ್ನೊಂದು ಡ್ರೈವ್ ಎಳೆದ. "ಹಂಗಾರೆ ಇದು ತಗಂಡ್ ಹೋಗು. ಇದರಾಗೆ ನಲವತ್ತಿಲ್ಲ."

ಎಣಿಸಿದೆ. 34. ನೂರಕ್ಕೆ ಕೊಟ್ಟ, ತಂದುಬಿಟ್ಟೆ.